ದಿಂಡಿನ ಮೇಲೆ ನಾಲ್ಕು ಸೀರೆ

ಲಟಕ್, ಪಟಕ್. ಲಟಕ್, ಪಟಕ್. ಆಮೇಲೆ ಒಂದು ಉಸಿರಿನಷ್ಟು ಮೌನ. ಮತ್ತೆ ಲಟಕ್, ಪಟಕ್.

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಹನ್ನೊಂದು ಕೈಮಗ್ಗಗಳಿವೆ. ಕಣ್ಣು ಮುಚ್ಚಿ ಮಲಗಿದ್ದರೂ ಯಾವ ಸಪ್ಪಳ ಯಾರ ಮನೆಯದೆಂದು ನಾನು ಹೇಳಬಲ್ಲೆ. ನಡುವೆ ಆ ಒಂದು ಉಸಿರಿನ ಬಿಡುವು ಇರುವುದು ಎದುರು ಮನೆಯ ಸುವರ್ಣಕ್ಕನ ಮಗ್ಗಕ್ಕೆ ಮಾತ್ರ. ನಾಲ್ಕು ಸಲ ಲಾಳಿ ಓಡಿಸಿದ ಮೇಲೆ ಅವಳು ಕೈ ನಿಲ್ಲಿಸಿ, ನೇಯ್ದಷ್ಟು ಬಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರುತ್ತಾಳೆ. ಹಾಗೆ ಮಾಡಲು ಯಾರೂ ಕಲಿಸಿದ್ದಲ್ಲ. ಅವಳ ತಾಯಿಯೂ ಹೀಗೇ ಸವರುತ್ತಿದ್ದಳಂತೆ.

ಈ ಸಪ್ಪಳ ಆರು ವರ್ಷ ನಮ್ಮ ಓಣಿಯಲ್ಲಿ ಇರಲಿಲ್ಲ.

ನಮ್ಮ ಕಡೆಯ ಮಗ್ಗಕ್ಕೆ ನೆಲದಲ್ಲೊಂದು ಕುಣಿ ಇರುತ್ತದೆ. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ಅದರ ಅಂಚಿನ ಮೇಲೆ ಕೂರುತ್ತಾರೆ. ಪಾದದ ಕೆಳಗೆ ತುಳಿಯುವ ಹಲಗೆಗಳು. ಹೊಟ್ಟೆಯ ಮುಂದೆ ಅಡ್ಡಲಾಗಿ ಒಂದು ಮರದ ದಿಂಡು. ನೇಯ್ದ ಬಟ್ಟೆ ಅದಕ್ಕೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಸುವರ್ಣಕ್ಕನ ಮನೆ ಚಿಕ್ಕದು, ಕುಣಿಯ ಹಿಂದೆಯೇ ಗೋಡೆ. ಬೆನ್ನಿಗೆ ಗೋಡೆ, ಹೊಟ್ಟೆಗೆ ದಿಂಡು. ಇವೆರಡರ ನಡುವೆ ಎಷ್ಟು ಮನುಷ್ಯರು ಹಿಡಿಯುತ್ತಾರೋ ಅಷ್ಟೇ.

ಗಂಡ ತೀರಿಕೊಂಡ ಮೇಲೆ ಸವಡಿಯಿಂದ ತವರಿಗೆ ಬಂದ ಸುವರ್ಣಕ್ಕ ತಾಯಿಯ ಮಗ್ಗಕ್ಕೆ ಕೂತಳು. ವರ್ಷ ವರ್ಷಕ್ಕೆ ಮೈ ಬೆಳೆಯಿತು. ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಹಿಡಿಯಿತು. ಒಂದು ಮಧ್ಯಾಹ್ನ ಕುಣಿಯೊಳಗಿಂದ ಏಳಲು ಹೋದವಳು ಏಳಲಾಗದೆ ಸಿಕ್ಕಿಹಾಕಿಕೊಂಡಳು. ನಾಲ್ಕು ಮಂದಿ ಹಿಡಿದು ಎತ್ತಬೇಕಾಯಿತು. ನಾನಾಗ ಹೈಸ್ಕೂಲಿನಲ್ಲಿದ್ದೆ, ಬಾಗಿಲಲ್ಲಿ ನಿಂತು ನೋಡಿದ್ದೆ. ಎತ್ತಿದವರು ನಗಲಿಲ್ಲ, ಅದೇ ಅವಳಿಗೆ ಹೆಚ್ಚು ನಾಚಿಕೆ ತಂದಿರಬೇಕು. ಅಂದಿನಿಂದ ಅವಳು ಮಗ್ಗದ ಕೋಣೆಗೆ ಹೋಗಲಿಲ್ಲ. ಹೊಸ್ತಿಲಲ್ಲಿ ರಾಟಿ ಇಟ್ಟುಕೊಂಡು ಬೇರೆಯವರ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತ ಆರು ವರ್ಷ ಕೂತಳು.

ಹೋದ ಡಿಸೆಂಬರಿನಲ್ಲಿ, ಅದೇ ಮನೆಯಲ್ಲಿರುವ ಅವಳ ತಮ್ಮ ಗುರುಪಾದನೇ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದು ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ. ಜಠರದ ಬಹುಭಾಗ ತೆಗೆದು, ಒಂದು ಬಾಳೆಹಣ್ಣಿನಷ್ಟು ಉಳಿಸಿದ್ದರು. ಆಗ ಅವಳ ತೂಕ ನೂರ ಇಪ್ಪತ್ತೆಂಟು ಕಿಲೋ.

"ಬಾಳಿಹಣ್ಣಿನಷ್ಟ ಹೊಟ್ಟಿ ಇಟಗೊಂಡ ಹ್ಯಾಂಗ ಬದಕ್ತೀ ಯವ್ವಾ?" ಎಂದು ಓಣಿಯವರು ಕೇಳಿದರೆ, "ಬಾಳಿಹಣ್ಣ ತಿನ್ನೂದ ಬಿಟ್ಟ ಬದಕ್ತೀನಿ" ಎನ್ನುತ್ತಿದ್ದಳು.

ಅವಳ ಊಟ ನೋಡುವುದೇ ನನಗೊಂದು ಬೆರಗು. ಅಂಗೈಯಷ್ಟು ಸ್ಟೀಲ್ ಬಟ್ಟಲು, ಮಕ್ಕಳ ಚಮಚ. ಮೊದಲು ಬೇಯಿಸಿದ ಹೆಸರುಕಾಳು, ಇಲ್ಲವೇ ಪನೀರು, ಗಟ್ಟಿ ಮೊಸರು. ಆಮೇಲೆ ಜಾಗ ಉಳಿದರೆ ಕಾಲು ರೊಟ್ಟಿ, ಒಂದಿಷ್ಟು ಪುಂಡಿಪಲ್ಲೆ. ಗೋಡೆಯ ಗಡಿಯಾರ ನೋಡುತ್ತ ಅಷ್ಟನ್ನೇ ಅರ್ಧ ಗಂಟೆ ಅಗಿಯುತ್ತಿದ್ದಳು. ಒಂದು ಕಾಲಕ್ಕೆ ಐದು ರೊಟ್ಟಿ ಉಣ್ಣುತ್ತಿದ್ದವಳು. ನೂಲಿನ ಸಿಕ್ಕು ಬಿಡಿಸುವ ಅದೇ ತಾಳ್ಮೆಯಿಂದ ಒಂದೊಂದೇ ಕಾಳು ಅಗಿಯುವುದನ್ನು ನೋಡುತ್ತ ಕೂತರೆ ನನ್ನ ತಟ್ಟೆಯ ಅನ್ನ ತಣ್ಣಗಾಗುತ್ತಿತ್ತು.

ತೂಕ ಇಳಿಯಿತು. ಗುರುಪಾದ ಕೊಂಡು ತಂದ ಗಾಜಿನ ತೂಕದ ಯಂತ್ರದ ಮೇಲೆ ಪ್ರತಿ ಶನಿವಾರ ನಿಲ್ಲುತ್ತಿದ್ದಳು. ಹೊಟ್ಟೆ ಅಡ್ಡ ಬಂದು ಅವಳಿಗೆ ಅಂಕಿ ಕಾಣುತ್ತಿರಲಿಲ್ಲ. ನಾನು ಕಾಲೇಜಿಗೆ ಹೋಗುವ ಮುನ್ನ ಹೋಗಿ, ಬಗ್ಗಿ ಓದಿ, ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ನೂರ ಹತ್ತೊಂಬತ್ತು. ನೂರ ಹನ್ನೊಂದು. ನೂರ ಎರಡು. ಜುಲೈ ಬಂದಾಗ ತೊಂಬತ್ತೈದು.

ಆ ತಿಂಗಳೇ ಅಕ್ಕ-ತಮ್ಮಂದಿರ ನಡುವೆ ಮಾತು ಎದ್ದಿದ್ದು. ಗುರುಪಾದನ ಹೆಂಡತಿ ರೊಟ್ಟಿ ಮಾಡಿ ಮಾರುವ ಕೆಲಸ ಶುರುಮಾಡಿದ್ದಳು, ಒಲೆಗಳಿಗೆ ಜಾಗ ಸಾಲುತ್ತಿರಲಿಲ್ಲ. ಮಗ್ಗದ ಕೋಣೆ ಖಾಲಿ ಬಿದ್ದಿತ್ತು.

"ಅಕ್ಕಾ, ಆರ ವರ್ಷ ಆತು ಆ ಕುಣಿಯೊಳಗ ಇಲಿ ಓಡ್ಯಾಡಾಕ ಹತ್ತಿ. ಮುಚ್ಚಿ ಫರಸಿ ಹಾಕ್ತೀನಿ" ಎಂದ.

"ಅವ್ವನ ಕುಣಿ ಅದು."

"ಅವ್ವನ ಕುಣಿ ಖರೇ. ಕುಂಡ್ರವರು ಯಾರು?"

"ನಾ ಕುಂಡ್ರತೀನಿ."

ಗುರುಪಾದ ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವನು ಕೆಟ್ಟವನಲ್ಲ, ನಾಲ್ಕು ಮಂದಿಯಲ್ಲಿ ಒಬ್ಬನಾಗಿ ಅವಳನ್ನು ಎತ್ತಿದವನು. ಕೊನೆಗೆ ಹೇಳಿದ: "ಆತು. ದಸರಾಕ್ಕ ಒಂದ ಹಾಸು, ಐದು ಸೀರಿ, ನೇದು ಮುಗಸು. ಮುಗಸಿದರ ಕುಣಿ ನಿಂದು. ಇಲ್ಲಾಂದ್ರ ಒಂದ ಟ್ರ್ಯಾಕ್ಟರ್ ಗರಸು ಹಾಕಿಸಿ ಮುಚ್ಚತೀನಿ. ಆಮ್ಯಾಲೆ ಅಳಬಾರದು."

ಗರಸಿನ ಮಣ್ಣು ಆ ವಾರವೇ ಬಂದು ಮನೆಯ ಮುಂದೆ ಗುಡ್ಡೆಯಾಗಿ ಬಿತ್ತು.

ಐದು ಸೀರೆಗಾಗುವ ಉದ್ದದ ನೂಲನ್ನು, ಎಂದರೆ ಒಂದು ಹಾಸನ್ನು, ಮಗ್ಗಕ್ಕೆ ಹೂಡಿಸಿದ ಮರುದಿನ ಬೆಳಿಗ್ಗೆ ಅವಳು ಕುಣಿಗಿಳಿದಾಗ ನಾನು ಅಲ್ಲೇ ಇದ್ದೆ. ಗೋಡೆ ಹಿಡಿದು ಒಂದು ಕಾಲು ಇಳಿಸಿದಳು, ಮತ್ತೊಂದು ಇಳಿಸಿದಳು. ಪಾದ ಹಲಗೆ ಹುಡುಕಿಕೊಂಡಿತು. ಬೆನ್ನು ಗೋಡೆಗೆ ತಾಗಿತು. ದಿಂಡು ಹೊಟ್ಟೆಗೆ ತಾಗಿಯೂ ತಾಗದ ಹಾಗೆ ನಿಂತಿತು. ಸೀರೆಯ ನಿರಿಗೆ ತೂರುವಷ್ಟು ಸಂದು. ಅವಳು ಹಲಗೆ ತುಳಿದಳು, ಲಾಳಿ ಓಡಿತು, ಲಟಕ್ ಎಂದಿತು. ನಾಲ್ಕು ಸಲ. ಆಮೇಲೆ ಅಂಗೈಯಿಂದ ಸವರಿದಳು. ಓಣಿಯ ಬೇರೆ ಮಗ್ಗಗಳು ಒಂದೊಂದಾಗಿ ನಿಂತು ಆಲಿಸಿದವು.

ಅದೇ ಹೊತ್ತಿಗೆ ಅವಳು ಹರಕೆ ಹೊತ್ತಳು. ಬಾದಾಮಿಯ ಬನಶಂಕರಿ ನೇಕಾರರ ತಾಯಿ. "ತೂಕ ತೊಂಬತ್ತರೊಳಗ ಬಂದ ದಿನಾನೇ ಬಟ್ಟಿಗೆ ಕತ್ತರಿ ಹಚ್ಚತೀನಿ. ಮೊದಲನೇ ಸೀರಿ ನಿನಗ" ಎಂದು ಕೈಮುಗಿದಳು. ಎಲ್ಲರೂ ಒಂದು ಸೀರೆ ಮುಗಿದ ಕೂಡಲೇ ಕತ್ತರಿಸಿ ದಿಂಡಿನಿಂದ ಇಳಿಸುತ್ತಾರೆ. ಅವಳು ಇಳಿಸಲಿಲ್ಲ. ಐದು ಕಿಲೋ ಎಂದರೆ ಎಷ್ಟು ದಿನ, ಒಂದು ಸೀರೆ ಮುಗಿಯುವುದರೊಳಗೆ ಇಳಿದೇ ಇಳಿಯುತ್ತದೆ ಎಂದು ಅವಳ ಲೆಕ್ಕ. ನಾವೂ ಹಾಗೆಯೇ ಅಂದುಕೊಂಡೆವು.

ಮುಂದಿನ ಶನಿವಾರ ತೊಂಬತ್ತನಾಲ್ಕು. ಅದರ ಮುಂದಿನ ಶನಿವಾರವೂ ತೊಂಬತ್ತನಾಲ್ಕು.

ಮೂರನೆಯ ವಾರ ಯಂತ್ರವನ್ನು ಬಾಗಿಲ ಬಳಿ ಸರಿಸಿ ನಿಂತಳು. ನಾಲ್ಕನೆಯ ವಾರ ಕಿವಿಯ ಬೆಂಡೋಲೆ ಬಿಚ್ಚಿಟ್ಟು ನಿಂತಳು. ತೊಂಬತ್ತನಾಲ್ಕು. ನಾನು ಕ್ಯಾಲೆಂಡರಿನಲ್ಲಿ ಒಂದೇ ಅಂಕಿಯನ್ನು ಮತ್ತೆ ಮತ್ತೆ ಬರೆದೆ.

ಆಸ್ಪತ್ರೆಯಲ್ಲಿ ಊಟದ ಪಥ್ಯ ಹೇಳಿಕೊಟ್ಟ ಆರತಿ ಮೇಡಂ ಫೋನಿನಲ್ಲಿ ಸಮಾಧಾನ ಹೇಳಿದರು. "ಇದು ಎಲ್ಲರಿಗೂ ಆಗ್ತದ್ರಿ ಸುವರ್ಣಕ್ಕ. ಇಷ್ಟ ತೂಕ ಇಳದ ಮ್ಯಾಲೆ ಮೈ ಒಂದೀಟ ನಿಂದರ್ತದ. ಊಟ ಮಾತ್ರ ಕಡಿಮಿ ಮಾಡಬ್ಯಾಡ್ರಿ, ಕಾಳು ಮೊಸರು ಬಿಡಬ್ಯಾಡ್ರಿ. ದಿನಾ ನಡೀರಿ. ತೂಕ ನಿಂತಾಗೂ ಮೈಯಿ ಅಳತಿ ಇಳೀತಿರತದ. ಟೇಪ್ ತಗೊಂಡ ಸೊಂಟ ಅಳದ ನೋಡ್ರಿ."

"ಟೇಪ್ ಯಾತಕ್ರಿ ಮೇಡಂ? ನನ್ನ ಹೊಟ್ಟಿ ಮುಂದ ದಿಂಡು ಐತಲ್ಲ. ದಿನಾ ಎಂಟ ತಾಸ ಅಳೀತೈತಿ."

"ಏನ ಹೇಳತದ ದಿಂಡು?"

"ಮೊದಲನೇ ದಿನಾ ಎಷ್ಟ ಸಂದಿತ್ತೋ ಇವತ್ತೂ ಅಷ್ಟೇ ಐತ್ರಿ. ಒಂದ ನೂಲೂ ಹೆಚ್ಚಿಲ್ಲ."

ನಾನೂ ನೋಡಿದ್ದೆ. ಖರೇ. ಸಂದು ಇದ್ದಷ್ಟೇ ಇತ್ತು. ಯಂತ್ರ ಒಂದು ಸಾಕ್ಷಿ, ದಿಂಡು ಇನ್ನೊಂದು ಸಾಕ್ಷಿ. ಎರಡೂ ಒಂದೇ ಮಾತು ಹೇಳುತ್ತಿದ್ದವು.

ಓಣಿಯಲ್ಲಿ ಮಾತಿಗೇನು ಬರ. "ಹೊಟ್ಟಿ ಕೊಯ್ಸಿಕೊಂಡರೇನವಾ, ಹಣಿಬರಾ ಕೊಯ್ಯಾಕ ಆಗತೈತೇನು" ಎಂದಳು ಒಬ್ಬಳು. "ಡಾಕ್ಟರು ಕೊಯ್ದದ್ದು ಮತ್ತ ಬೆಳದಿರಬೇಕು, ಹುಣಸಿ ಗಿಡದ ಟೊಂಗಿ ಹಂಗ" ಎಂದಳು ಮತ್ತೊಬ್ಬಳು. ಸುವರ್ಣಕ್ಕ ಅವರಿಗೆ ತಿರುಗಿ ಏನೂ ಅನ್ನಲಿಲ್ಲ. ಮಾತಿಗೆ ಮಾತು ಕೊಡುತ್ತಿದ್ದವಳು ಸುಮ್ಮನಾದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಅವಳು ಬೆಳಗಿನ ಬಟ್ಟಲು ಬಿಟ್ಟಳು. ಆಮೇಲೆ ಸೋಮವಾರ ಒಪ್ಪತ್ತು, ಗುರುವಾರ ಒಪ್ಪತ್ತು. ಅವಳಿಗಿದ್ದದ್ದೇ ಬಾಳೆಹಣ್ಣಿನಷ್ಟು ಹೊಟ್ಟೆ. ಅದಕ್ಕೂ ಬರೀ ನೀರು ಮಜ್ಜಿಗೆ ಹಾಕತೊಡಗಿದಳು. ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ಸಪ್ಪಳದಲ್ಲಿ ನನಗದು ಮೊದಲು ಗೊತ್ತಾಯಿತು. ನಾಲ್ಕು ಸಲದ ನಂತರದ ಬಿಡುವು ಒಂದು ಉಸಿರಿನಿಂದ ಎರಡಾಯಿತು, ಮೂರಾಯಿತು. ಏಳನೆಯ ಶನಿವಾರ ನಾನು ಹೋಗುವುದರೊಳಗೆ ಅವಳೇ ಯಂತ್ರದ ಮೇಲೆ ನಿಂತು, ಕೆಳಗೆ ನೋಡಿ, "ಬರಕೊ, ತೊಂಬತ್ನಾಕು" ಎಂದಳು. ಬರೆದುಕೊಂಡೆ. ಆ ದಿನ ನಾನು ಬರೆದದ್ದು ಅಂಕಿಯನ್ನು ಮಾತ್ರ.

ಒಂಬತ್ತನೆಯ ವಾರ, ದಸರೆಗೆ ಇಪ್ಪತ್ತೈದು ದಿನ ಉಳಿದಾಗ, ಸಪ್ಪಳ ನಡುವೆಯೇ ನಿಂತಿತು.

ಓಡಿ ಹೋದೆ. ಸುವರ್ಣಕ್ಕ ಕುಣಿಯಲ್ಲಿ ಕೂತಂತೆಯೇ ಮುಂದಕ್ಕೆ ಬಿದ್ದಿದ್ದಳು. ಕೆನ್ನೆ ದಿಂಡಿನ ಮೇಲಿತ್ತು. ಗುರುಪಾದ ಅವಳ ಕಂಕುಳಿಗೆ ಕೈಹಾಕಿ ಎತ್ತಿದ. ಈ ಸಲ ಅವನೊಬ್ಬನೇ ಎತ್ತಿದ. ನೀರು ಚಿಮುಕಿಸಿದೆವು, ಆರತಿ ಮೇಡಂಗೆ ಫೋನು ಹಚ್ಚಿದೆವು. ಅವರು ಮೊದಲು ಬೈದು, ಆಮೇಲೆ ಸಣ್ಣ ಸಣ್ಣ ಗುಟುಕು ಕುಡಿಸಲು ಹೇಳಿ, ನಾಳೆಯೇ ಕರೆದುಕೊಂಡು ಬರುವಂತೆ ತಾಕೀತು ಮಾಡಿದರು.

ಅವಳು ಕಣ್ಣು ಬಿಟ್ಟ ಮೇಲೆ ಗುರುಪಾದ ಅವಳ ಮುಖದ ನೀರು ಒರೆಸಿದ. "ಸಾಕಕ್ಕಾ. ಈ ಕುಣಿ ನಿನ್ನ ನುಂಗಾಕ ಹತ್ತೈತಿ. ಹುಬ್ಬಳ್ಳಿಂದ ಬಂದ ಕೂಡ್ಲೆ ಮುಚ್ಚತೀನಿ."

"ಮುಚ್ಚಿಬಿಡು" ಎಂದಳು ಸುವರ್ಣಕ್ಕ. "ನನ್ನ ಮೈಯಿ ನನ್ನ ಮಾತ ಕೇಳವಲ್ದು. ಮುಚ್ಚಿಬಿಡು."

ಆಗ ಬಾಗಿಲಲ್ಲಿ ಮಾನವ್ವಾಯಿಯ ಕೋಲಿನ ಸದ್ದಾಯಿತು. ಮಾನವ್ವಾಯಿ ನಮ್ಮ ಓಣಿಯಲ್ಲಿ ಮಗ್ಗದಲ್ಲಿ ಮುಗಿಯುತ್ತ ಬಂದ ಹಾಸಿನ ತುದಿಗೆ ಹೊಸ ಹಾಸಿನ ಎಳೆ ಹೊಸೆದು ಕೂಡಿಸುವವಳು. ಸಾವಿರಾರು ಎಳೆ, ಒಂದೊಂದೇ. ಕಣ್ಣು ಮಂಜಾಗಿ ಹತ್ತು ವರ್ಷವಾಯಿತು, ಬೆರಳು ಮಂಜಾಗಿಲ್ಲ. ಸುದ್ದಿ ಕೇಳಿ ಬಂದವಳು ಸುವರ್ಣಕ್ಕನ ಹತ್ತಿರ ಹೋಗದೆ ನೇರ ಮಗ್ಗದ ಬಳಿ ಕೂತು ಕೈ ಚಾಚಿದಳು. ದಿಂಡು ಸಿಕ್ಕಿತು. ಎರಡೂ ಕೈಯಿಂದ ಅದನ್ನು ತಬ್ಬಿ ಅಳೆದಳು. ಮತ್ತೊಮ್ಮೆ ಅಳೆದಳು.

"ಯಾವಾಕಿ ಈ ದಿಂಡಿನ ಮ್ಯಾಲೆ ಇಷ್ಟ ಬಟ್ಟಿ ಇಟ್ಟಾಕಿ?"

"ನಾನs ಆಯಿ" ಎಂದಳು ಸುವರ್ಣಕ್ಕ.

"ಎಷ್ಟ ಸೀರಿ?"

"ನಾಕ ಮುಗದಾವು. ಐದನೇದು ನಡದಿತ್ತು."

"ನಾಕ ಸೀರಿ ಒಮ್ಮೇನೂ ಕತ್ತರಸದ?"

"ಹರಕಿ ಐತಿ."

ಮಾನವ್ವಾಯಿ ಬೊಚ್ಚುಬಾಯಿ ತೆರೆದು ನಗತೊಡಗಿದಳು. ಗುರುಪಾದನಿಗೆ ಸಿಟ್ಟು ಬಂತು. "ಆಯಿ, ಅಕ್ಕ ಎಚ್ಚರದಪ್ಪಿ ಬಿದ್ದಾಳ, ನೀ ನಗತೀಯಲ್ಲ!"

"ನಗಲಾರದ ಏನ ಮಾಡ್ಲೋ? ಏಳ ತಲಿ ನೇಕಾರರು ನೀವು. ಬಟ್ಟಿ ಸುತ್ತಿದರ ದಿಂಡು ದಪ್ಪ ಆಗತೈತಿ ಅನ್ನೂದ ಒಬ್ಬರಿಗೂ ಹೊಳೀಲಿಲ್ಲೇನು? ಬಸರಿ ಆಗೇದಪ್ಪಾ ನಿಮ್ಮ ದಿಂಡು! ತುಂಬಿದ ಬಸರಿ! ಅದು ಇಕಿ ಹೊಟ್ಟಿಗೆ ಸರಕೋತ ಬಂದೈತಿ, ಇಕಿ ಹೊಟ್ಟಿ ಹಿಂದಕ್ಕ ಸರಕೋತ ಹೋಗೈತಿ. ನಡುವಿನ ಸಂದು ಇದ್ದಷ್ಟs ಇರದ ಇನ್ನೇನು?"

ಪ್ರತಿ ಸೀರೆಗೂ ಕತ್ತರಿ ಬೀಳುವ ಓಣಿ ನಮ್ಮದು. ನಾಲ್ಕು ಸೀರೆ ಹೊತ್ತ ದಿಂಡನ್ನು ನಮ್ಮಲ್ಲಿ ಯಾರೂ ನೋಡಿಯೇ ಇರಲಿಲ್ಲ. ಅದು ದಿನಕ್ಕೊಂದು ನೂಲಿನಷ್ಟು ಬೆಳೆದದ್ದು ಎಲ್ಲರ ಕಣ್ಣೆದುರೇ.

"ಕತ್ತರಿ ಕೊಡ್ರಿ ಇಲ್ಲಿ, ಇಳಿಸೂಣು" ಎಂದ ಗುರುಪಾದ.

"ಬ್ಯಾಡ!" ಮಲಗಿದ್ದ ಸುವರ್ಣಕ್ಕ ಎದ್ದೇ ಕೂತಳು. "ಬನಶಂಕರಿಗೆ ಮಾತ ಕೊಟ್ಟೀನಿ. ತೊಂಬತ್ತರೊಳಗ ಬರೂತನಾ ಕತ್ತರಿ ತಾಗೂಹಂಗಿಲ್ಲ."

ಮಾನವ್ವಾಯಿ ಕೋಲಿನಿಂದ ದಿಂಡನ್ನು ತಟ್ಟಿದಳು. "ಕತ್ತರಿಗೆ ಹರಕಿ ಐತಿ. ಬಿಚ್ಚಾಕ ಹರಕಿ ಇಲ್ಲಲ್ಲ? ಹಗ್ಗ ಸಡಲ ಮಾಡ್ರಿ. ದಿಂಡ ಎತ್ತಕೊಂಡ ಬಿಚ್ಚಕೋತ ನಡೀರಿ ಹೊರಗ."

ಹಿಂದಿನ ಗೂಟದ ಹಗ್ಗ ಸಡಿಲಿಸಿದೆವು. ದಿಂಡಿನ ಒಂದು ತುದಿ ಗುರುಪಾದನ ಕೈಗೆ, ಇನ್ನೊಂದು ನನ್ನ ಕೈಗೆ. ತಿರುಗಿಸುತ್ತ, ಬಿಚ್ಚುತ್ತ, ಹಿಂದೆ ಹಿಂದೆ ಹೆಜ್ಜೆ ಇಟ್ಟೆವು. ಕೋಣೆ ದಾಟಿದೆವು, ಪಡಸಾಲೆ ದಾಟಿದೆವು, ಹೊಸ್ತಿಲು ದಾಟಿದೆವು. ಕಡುಹಸಿರು ಒಡಲು, ಕೆಂಪು ಪಟ್ಟದ ಅಂಚು. ಬಟ್ಟೆ ಮಗ್ಗದಿಂದ ಹೊರಟು ಬರುತ್ತಲೇ ಇತ್ತು.

"ನೆಲಕ್ಕ ತಾಗಸಬ್ಯಾಡ್ರಿ! ದೇವರ ಸೀರಿ ಐತಿ ಅದರಾಗ!" ಎಂದು ಒಳಗಿನಿಂದ ಮಾನವ್ವಾಯಿ ಕೂಗಿದಳು.

ಮಗ್ಗಗಳು ನಿಂತವು. ಮನೆ ಮನೆಯಿಂದ ಜನ ಬಂದು ಬಟ್ಟೆಯ ಕೆಳಗೆ ಕೈಯೊಡ್ಡಿದರು. ಹಣೆಬರಹದ ಮಾತಾಡಿದವಳೂ ಒಡ್ಡಿದಳು, ಹುಣಸೆ ಟೊಂಗೆಯವಳೂ ಒಡ್ಡಿದಳು. ಗರಸಿನ ಗುಡ್ಡೆಯನ್ನು ಬಳಸಿ, ನಳದ ಕಟ್ಟೆ ದಾಟಿ, ಓಣಿಯ ಕೊನೆಯ ಬೇವಿನ ಗಿಡದ ತನಕ ಹೋದೆವು. ಅಲ್ಲಿ ಕೊನೆಯ ಸುತ್ತು ಬಿಚ್ಚಿತು. ತಿರುಗಿ ನೋಡಿದೆ. ಮಧ್ಯಾಹ್ನದ ಬಿಸಿಲಲ್ಲಿ ಅಷ್ಟುದ್ದ ಹಸಿರು, ಎರಡೂ ಬದಿಗೆ ಕೆಂಪು, ಕೆಳಗೆ ಅಷ್ಟು ಜನರ ಅಂಗೈಗಳು. ಗಾಳಿ ಬಂದರೆ ಅದೆಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿತ್ತು. ಒಂದು ಬಟ್ಟಲು ಹೆಸರುಕಾಳಿನ ಮೇಲೆ ಬದುಕಿದ ಹೆಂಗಸು ಇಷ್ಟನ್ನೂ ನೇಯ್ದಿದ್ದಳು.

ಬರಿದಾದ ದಿಂಡು ಹಿಡಿದು ಒಳಗೆ ಬಂದಾಗ ಮಾನವ್ವಾಯಿ ಮಗ್ಗದ ಹತ್ತಿರದ ಬಟ್ಟೆಯನ್ನು ಬೆರಳಿನಿಂದ ಓದುತ್ತಿದ್ದಳು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿಂದ ನೀ ಉಂಡಿಲ್ಲ" ಎಂದಳು.

ಸುವರ್ಣಕ್ಕ ಮುಖ ತಿರುಗಿಸಿದಳು.

"ಮೂರು ಸೀರಿ ತನಕಾ ಎಳಿ ಬಡಿಯೂ ಹಲಗಿ ಪೆಟ್ಟ ಗಟ್ಟಿ ಬಿದ್ದೈತಿ. ಇಲ್ಲಿಂದ ಮುಂದ ಸಡಲ. ಬೆಳಕಿಗೆ ಹಿಡೀರಿ, ಆಚಿ ಕಡಿ ಕಾಣತೈತಿ. ಹಸದಾಕಿ ಕೈ ಇದು." ಅವಳ ದನಿಯಲ್ಲಿ ಈಗ ನಗೆ ಇರಲಿಲ್ಲ. "ಬನಶಂಕರಿ ಹೆಸರ ಹೇಳಿ ಇಂಥಾದ್ದು ನೇಯತೀ ಏನು?"

ಬಟ್ಟೆಯನ್ನು ಬೆಳಕಿಗೆ ಹಿಡಿದೆ. ಮಾನವ್ವಾಯಿ ಹೇಳಿದ ಜಾಗದಿಂದ ಅದು ಜಾಳುಜಾಳಾಗಿತ್ತು. ಯಾವ ವಾರ ಬೆಳಗಿನ ಬಟ್ಟಲು ಬಿಟ್ಟಳು ಎಂಬುದು ಅದರಲ್ಲಿ ಕಾಣುತ್ತಿತ್ತು. ನಾನು ಕ್ಯಾಲೆಂಡರಿನಲ್ಲಿ ಬರೆದ ಯಾವ ಅಂಕಿಯಲ್ಲೂ ಅದು ಇರಲಿಲ್ಲ.

ಗುರುಪಾದ ದಿಂಡನ್ನು ಅದರ ಜಾಗದಲ್ಲಿ ಕೂರಿಸಿದ. "ಅಕ್ಕಾ, ಒಂದ ಸಲ ಕುಂಡ್ರು" ಎಂದ. ಅವನೇ ಕೈಹಿಡಿದು ಇಳಿಸಿದ. ಬೆನ್ನು ಗೋಡೆಗೆ ತಾಗಿತು. ಮಾನವ್ವಾಯಿ ಹೊಟ್ಟೆಗೂ ದಿಂಡಿಗೂ ನಡುವೆ ಬೆರಳಿಟ್ಟಳು. ಒಂದು. ಎರಡು. ಮೂರು ಬೆರಳು ಸೇರಿಸಿ ಇಟ್ಟರೂ ಆಚೀಚೆ ಅಲುಗಾಡಿದವು.

"ತೂಕ ಇಳದಿಲ್ಲಲ್ಲ ಆಯಿ" ಎಂದಳು ಸುವರ್ಣಕ್ಕ, ನಂಬಿಕೆಯಾಗದವಳಂತೆ.

"ತೂಕದ ಮಾತ ನನಗ ತಿಳಿಯೂದಿಲ್ಲ. ನನ್ನ ಬೆರಳ ಸುಳ್ಳ ಹೇಳತಾವೇನು?"

ನನಗೆ ಆಗ ಏಳನೆಯ ಶನಿವಾರ ನೆನಪಾಯಿತು. ಅವಳು ಯಂತ್ರದ ಮೇಲೆ ನಿಂತು ತಾನೇ ಅಂಕಿ ಓದಿದ್ದಳು. ಡಿಸೆಂಬರಿನಿಂದ ನಾನು ಬಗ್ಗಿ ಬಗ್ಗಿ ಓದಿದ್ದು, ಅವಳಿಗೆ ತನ್ನ ಪಾದವೇ ಕಾಣುತ್ತಿರಲಿಲ್ಲವೆಂದು. ಈಗ ಕಾಣುತ್ತಿದೆಯಲ್ಲ ಎಂದು ಅವಳಿಗೇ ಹೇಳಿದೆ. ಅವಳು ಮೊದಲು ನನ್ನನ್ನು ನೋಡಿದಳು, ಆಮೇಲೆ ತಲೆ ಬಗ್ಗಿಸಿದಳು. ಕುಣಿಯ ತಳದಲ್ಲಿ, ತುಳಿಯುವ ಹಲಗೆಯ ಮೇಲೆ, ಅವಳ ಎರಡು ಪಾದಗಳಿದ್ದವು. ಒಂದು ಕಾಲಕ್ಕೆ ಕಾಲುಂಗುರವಿದ್ದ ಬೆರಳಿನಲ್ಲಿ ಇನ್ನೂ ಹಳೆಯ ಗುರುತು ಇತ್ತು. ಬಹಳ ಹೊತ್ತು ಅವನ್ನೇ ನೋಡುತ್ತ ಕೂತಳು. ಆಮೇಲೆ ತಮ್ಮನಿಗೆ ಹೇಳಿದಳು:

"ಗುರು, ಆ ಸ್ಟೀಲಿನ ಬಟ್ಟಲಾ ತಾ. ಹೆಸರಕಾಳ ಅದಾವೇನ ನೋಡು."

ಗಡಿಯಾರ ನೋಡುತ್ತ, ಕುಣಿಯಲ್ಲೇ ಕೂತು, ಅರ್ಧ ಗಂಟೆ ಉಂಡಳು. ಹೊರಗೆ ಓಣಿಯವರು ಕೈಯೊಡ್ಡಿಕೊಂಡೇ ನಿಂತಿದ್ದರು. "ಯವ್ವಾ, ಲಗೂ ಉಣ್ಣಾಕ ಹೇಳ್ರಿ, ನಮ್ಮ ಕೈ ಬಿದ್ದ ಹೋದೂವು!" ಎಂದು ಯಾರೋ ಕೂಗಿದರು. "ಲಗೂ ಉಣ್ಣೂಹಂಗಿಲ್ಲ, ಡಾಕ್ಟರ್ ಹೇಳ್ಯಾರ" ಎಂದು ಒಳಗಿನಿಂದ ಉತ್ತರ ಹೋಯಿತು. ಎಷ್ಟೋ ವಾರದ ಮೇಲೆ ಅವಳು ಮಾತಿಗೆ ಮಾತು ಕೊಟ್ಟದ್ದು ಅಂದು.

ಜಾಳಾದ ಭಾಗವನ್ನು ಅವಳು ಹುಬ್ಬಳ್ಳಿಯಿಂದ ಬಂದ ಮೇಲೆ ಎಳೆ ಎಳೆಯಾಗಿ ಬಿಚ್ಚಿ ಮತ್ತೆ ನೇಯ್ದಳು. ಐದನೆಯ ಸೀರೆ ಮಹಾನವಮಿಯ ಹಿಂದಿನ ದಿನ ಮುಗಿಯಿತು. ಪೂಜೆಯ ದಿನ ಮಗ್ಗದ ಪಕ್ಕದಲ್ಲಿ ಐದೂ ಸೀರೆಗಳು ಒಂದೇ ಬಟ್ಟೆಯಾಗಿ ಮಡಿಚಿಕೊಂಡು ಕೂತಿದ್ದವು, ಮೇಲೊಂದು ಚೆಂಡುಹೂವಿನ ಮಾಲೆ. ಕತ್ತರಿ ಪಕ್ಕದಲ್ಲೇ ಕುಂಕುಮ ಹಚ್ಚಿಸಿಕೊಂಡು ಕಾಯುತ್ತಿತ್ತು. ಗರಸನ್ನು ಗುರುಪಾದ ಓಣಿಯ ತಗ್ಗುಗಳಿಗೆ ತುಂಬಿಸಿದ. ರೊಟ್ಟಿಯ ಒಲೆಗಳು ಹಿತ್ತಿಲಿಗೆ ಹೋದವು.

ಈಗಲೂ ಬೆಳಗಿನ ಆರಕ್ಕೆ ಸುವರ್ಣಕ್ಕ ನಡೆಯಲೆಂದು ಕಾಲಕಾಲೇಶ್ವರ ಗುಡಿಯ ದಾರಿ ಹಿಡಿಯುತ್ತಾಳೆ. ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳು ಆಗಷ್ಟೇ ಕಣ್ಣಿಗೆ ಬೀಳುತ್ತಿರುತ್ತವೆ. ಇಂದು ನಾನು ಬಾಗಿಲಲ್ಲಿ ನೀರು ಹಾಕುತ್ತಿದ್ದೆ. ಶನಿವಾರವೆಂದು ನೆನಪಾಗಿ ಕೇಳಿದೆ:

"ಅಕ್ಕಾ, ಇವತ್ತ ತೂಕ ನೋಡಿದ್ರೇನು?"

"ನೋಡಿದ್ನೆವ್ವಾ, ತೊಂಬತ್ತೊಂದು ಅಂತು. ನೋಡು, ಕತ್ತರಿ ಹಚ್ಚೂ ದಿನಾ ಸೆರಗ ನೀನs ಹಿಡೀಬೇಕು, ಈಗs ಹೇಳಿರ್ತೀನಿ, ಯಾಕಂದ್ರ ಅವತ್ತ ಬೇವಿನ ಗಿಡದ ತನಕಾ ನೀ ದಿಂಡ ಹಿಡಕೊಂಡ ಹೋಗೂದ ನೋಡಿದಾಗ ನನಗ..." ಎನ್ನುತ್ತ ಅವಳು ನಿಲ್ಲದೆ ನಡೆದಳು, ತಗ್ಗಿಲ್ಲದ ಓಣಿಯಲ್ಲಿ, ತನ್ನ ಪಾದಗಳನ್ನು ತಾನೇ ನೋಡಿಕೊಳ್ಳುತ್ತ, ಮಾತಿನ ಉಳಿದರ್ಧವನ್ನು ಗುಡ್ಡದ ಕಡೆಗೆ ಒಯ್ಯುತ್ತ.